ತಂಬಾಕು, ಬಿಯರ್, ಗಾಂಜಾ: ಒಂಬತ್ತನೇ ತರಗತಿಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿವರ್ಷ ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನ, ಆಗಸ್ಟ್ 1ಕ್ಕೆ ವ್ಯಸನಮುಕ್ತ ದಿನ ಆಚರಿಸುತ್ತೇವೆ. ಭಾಷಣ, ಪ್ರತಿಜ್ಞೆ, ಜಾಥಾ ಎಲ್ಲವೂ ನಡೆಯುತ್ತದೆ. ಆದರೂ ಈ ಸಲ ಶೌಚಾಲಯದ ಹಿಂದೆ ತಂಬಾಕಿನ ಖಾಲಿ ಪ್ಯಾಕೆಟ್‌ಗಳು ಸಿಕ್ಕವು, ಒಂಬತ್ತನೇ ತರಗತಿಯ ಹುಡುಗನೊಬ್ಬ ಸಿಕ್ಕಿಬಿದ್ದ. ಟಿ.ಸಿ. ಕೊಟ್ಟು ಕಳಿಸಿ ಎನ್ನುವವರಿದ್ದಾರೆ. ಈ ವಯಸ್ಸಿನ ಮಕ್ಕಳಿಗೆ ನಿಜವಾಗಿ ಏನು ಕಲಿಸಬೇಕು? ಬಿಡಿಸಿ ಹೇಳಿದರೆ ಇಲ್ಲದ ಆಸೆ ಹುಟ್ಟಿಸಿದಂತಾಗುವುದಿಲ್ಲವೇ? ಎಷ್ಟೋ ಮಕ್ಕಳ ಮನೆಯಲ್ಲಿ ತಂದೆಯೇ ಕುಡಿಯುತ್ತಾರೆ, ಅವರ ಮುಂದೆ ಹೇಗೆ ಮಾತಾಡಲಿ?

ಉತ್ತರ: ಆಸೆ ಹುಟ್ಟೀತೆಂಬ ನಿಮ್ಮ ಅಳುಕನ್ನೇ ಮೊದಲು ತೆಗೆದುಕೊಳ್ಳೋಣ. ಅದು ನಿರಾಧಾರವಲ್ಲ, ಆದರೆ ಅಪಾಯ ಇರುವ ಜಾಗ ಬೇರೆ. ತಂಬಾಕು ಬಾಯಿಗೆ ಏನು ಮಾಡುತ್ತದೆ, ಬಿಯರಿನಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂದು ನೇರವಾಗಿ ಹೇಳಿದ್ದರಿಂದ ಮಕ್ಕಳು ಹಾಳಾಗುವುದಿಲ್ಲ. ಯಾವುದನ್ನು ಹೇಗೆ ಬಳಸುತ್ತಾರೆ, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ, ಸೇವಿಸಿದರೆ ಏನೇನು ಅನುಭವವಾಗುತ್ತದೆ ಎಂದು ವರ್ಣಿಸಿದಾಗ, ಅಥವಾ ವಶಪಡಿಸಿಕೊಂಡ ಗಾಂಜಾದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ತೋರಿಸಿದಾಗ ಕುತೂಹಲ ಕೆರಳುತ್ತದೆ. ನಿಮ್ಮ ಶಾಲೆಗೆ ಬರುವ ಅತಿಥಿಗಳಿಗೆ ಈ ಐದೂ ಬೇಡವೆಂದು ಮುಂಚೆಯೇ ತಿಳಿಸಿ. ಚಟ ಬಿಟ್ಟವರನ್ನು ಕರೆಸಿ ಅನುಭವ ಹೇಳಿಸುವುದೂ ಮಕ್ಕಳ ಮುಂದೆ ಬೇಡ. ಅವರ ಉದ್ದೇಶ ಒಳ್ಳೆಯದೇ. ಆದರೆ ಎದುರಿಗೆ ಆರೋಗ್ಯವಾಗಿ ನಿಂತ ಮನುಷ್ಯನನ್ನು ನೋಡಿದ ಹದಿನಾಲ್ಕರ ಹುಡುಗ, ‘ಎಲ್ಲಾ ಮಾಡಿಯೂ ಬಿಡಬಹುದು’ ಎಂಬ ಪಾಠ ಕಲಿತು ಹೋಗುತ್ತಾನೆ.

ಹೆದರಿಸುವುದೂ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 1983ರಲ್ಲಿ ಲಾಸ್ ಏಂಜಲೀಸ್‌ನಿಂದ ಶುರುವಾದ ‘ಡೇರ್’ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಅದು ದೇಶವಿಡೀ ಹಬ್ಬಿತು. ಆಮೇಲೆ ಅಳೆದು ನೋಡಿದರೆ ಮಕ್ಕಳ ಬಳಕೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮವೇ ಇರಲಿಲ್ಲ. ಕೊನೆಗೆ ಅವರೇ ಹಳೆಯ ಪಾಠ ಕೈಬಿಟ್ಟು ಕೌಶಲದ ಅಭ್ಯಾಸವಿರುವ ಪಾಠಕ್ರಮಕ್ಕೆ ಬದಲಾದರು. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ತಡೆಗಟ್ಟುವಿಕೆಯ ಮಾನದಂಡಗಳೂ ಇದನ್ನೇ ಹೇಳುತ್ತವೆ: ಬರೀ ಮಾಹಿತಿ, ಅದರಲ್ಲೂ ಭಯ ಹುಟ್ಟಿಸುವ ಮಾಹಿತಿ, ನಡತೆಯನ್ನು ಬದಲಿಸುವುದಿಲ್ಲ. ಮಕ್ಕಳೇ ಮಾತಾಡಿ, ಮಾಡಿ ನೋಡುವ, ವಾರಕ್ಕೊಂದರಂತೆ ಸಾಗುವ ಪಾಠಗಳು ಬದಲಿಸುತ್ತವೆ. ಕಾರಣ ಊಹಿಸುವುದು ಕಷ್ಟವಲ್ಲ. ‘ಒಂದು ಸಲ ಮುಟ್ಟಿದರೆ ಜೀವನವೇ ಮುಗಿಯಿತು’ ಎಂದು ನೀವು ಹೇಳುತ್ತೀರಿ. ಆ ಹುಡುಗನ ಗೆಳೆಯ ಮುಟ್ಟಿದ್ದಾನೆ, ಮರುದಿನ ಕಬಡ್ಡಿಯನ್ನೂ ಆಡಿದ್ದಾನೆ. ಆ ಕ್ಷಣದಿಂದ ನಿಮ್ಮ ಉಳಿದ ಮಾತನ್ನೂ ಅವನು ನಂಬುವುದಿಲ್ಲ.

ಆಗಸ್ಟ್ 1ರ ಬಗ್ಗೆ ಒಂದು ಮಾತು. ಅದು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಅವರು ಜೋಳಿಗೆ ಹಿಡಿದು ಊರೂರು ತಿರುಗಿ, ‘ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ’ ಎಂದು ಚಟ ಇದ್ದ ಮನುಷ್ಯನನ್ನೇ ಎದುರು ನಿಂತು ಕೇಳುತ್ತಿದ್ದರು. ಆ ಕೆಲಸದ ಶಕ್ತಿ ಇದ್ದದ್ದು ಮುಖಾಮುಖಿಯಲ್ಲಿ. ಮುನ್ನೂರು ಮಕ್ಕಳು ಕೈ ಮುಂದೆ ಚಾಚಿ ಒಟ್ಟಿಗೆ ಪ್ರತಿಜ್ಞೆ ಓದಿದರೆ ಆ ಶಕ್ತಿ ಬರುವುದಿಲ್ಲ. ದಿನಾಚರಣೆ ಮಾಡಿ, ತಪ್ಪೇನಿಲ್ಲ. ಅದನ್ನೇ ಪಾಠವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಯಾವುದರ ಬಗ್ಗೆ ಮಾತಾಡಬೇಕು

ನಿಮ್ಮೂರಿನ ಎಂಟು, ಒಂಬತ್ತನೇ ತರಗತಿಗೆ ಕೊಕೇನ್, ಎಲ್‌ಎಸ್‌ಡಿಗಳ ಪಟ್ಟಿ ಬೇಕಾಗಿಲ್ಲ. ಮಕ್ಕಳ ಕೈಗೆ ನಿಜವಾಗಿ ಎಟಕುವುದು ಐದು: ತಂಬಾಕು ಮತ್ತು ಅಡಿಕೆ, ಮದ್ಯ, ಮೂಸುವ ದ್ರಾವಕಗಳು (ಅಂಟು, ವೈಟ್ನರ್ ಥರದವು), ಗಾಂಜಾ, ಮನೆಯಲ್ಲೋ ಮೆಡಿಕಲ್ ಶಾಪಿನಲ್ಲೋ ಸಿಗುವ ನಿದ್ದೆ ಮತ್ತು ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು. ಎಂಟನೆಯವರಿಗೆ ಮೊದಲ ಮೂರು ಸಾಕು.

ದ್ರಾವಕಗಳ ವಿಷಯವನ್ನು ಶಾಲೆಗಳು ಬಿಟ್ಟೇಬಿಡುತ್ತವೆ, ಬಿಡಬಾರದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚಿದ್ದ ಏಕೈಕ ವರ್ಗ ಇದು: ಮಕ್ಕಳು ಮತ್ತು ಹದಿಹರೆಯದವರಲ್ಲಿ 1.17%, ವಯಸ್ಕರಲ್ಲಿ 0.58%. ಅಗ್ಗ, ಅಂಗಡಿಯಲ್ಲಿ ಕೇಳಿದರೆ ಯಾರೂ ಅನುಮಾನಿಸುವುದಿಲ್ಲ. ಇದನ್ನು ಪಾಠ ಮಾಡುವಾಗ ‘ನಶೆ’ ಎಂಬ ಹೆಸರಿನಡಿ ತರಬೇಡಿ, ‘ವಿಷಕಾರಿ ರಾಸಾಯನಿಕಗಳು’ ಎಂದು ಕೀಟನಾಶಕ, ಸೀಮೆಎಣ್ಣೆಗಳ ಜೊತೆ ಕಲಿಸಿ. ಬಳಸುವ ಕ್ರಮದ ಸುದ್ದಿ ಬೇಡ. ಹೇಳಬೇಕಾದದ್ದು ಇಷ್ಟೇ: ಇವುಗಳ ಆವಿ ಹೃದಯದ ಬಡಿತದ ತಾಳ ತಪ್ಪಿಸಬಲ್ಲದು, ಮೊದಲ ಸಲವೇ ಸಾವು ಬರಬಹುದು. ಇದು ಹೆದರಿಸಲು ಕಟ್ಟಿದ ಮಾತಲ್ಲ, ವೈದ್ಯಕೀಯ ಸತ್ಯ. ನಿಮಗೂ ಸಹೋದ್ಯೋಗಿಗಳಿಗೂ ಇದರಿಂದ ಒಂದು ಎಚ್ಚರಿಕೆ: ಮೂಸುತ್ತಿರುವ ಹುಡುಗನನ್ನು ಕಂಡರೆ ಗದರಬೇಡಿ, ಬೆನ್ನಟ್ಟಬೇಡಿ. ಆ ಹೊತ್ತಿನಲ್ಲಿ ಗಾಬರಿ ಮತ್ತು ಓಟ ಎರಡೂ ಹೃದಯಕ್ಕೆ ಅಪಾಯ. ಮೆಲ್ಲಗೆ ಮಾತಾಡಿಸಿ, ಗಾಳಿ ಬರುವಲ್ಲಿ ಕೂರಿಸಿ, ಬೈಗುಳವನ್ನು ಮರುದಿನಕ್ಕಿಡಿ.

ಅಡಿಕೆ ನಮ್ಮಲ್ಲಿ ತಾಂಬೂಲದ ವಸ್ತು, ಎಷ್ಟೋ ಮನೆಗಳ ಬೆಳೆ. ಹಾಗಾಗಿ ಮಕ್ಕಳು ಕೇಳಿಯೇ ಕೇಳುತ್ತಾರೆ, ‘ಬರೀ ಅಡಿಕೆ ತಿಂದ್ರೆ ಏನಾಗುತ್ತೆ?’ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ವರ್ಗೀಕರಿಸಿದೆ. ಆದರೆ ನಲವತ್ತರ ವಯಸ್ಸಿನ ಕ್ಯಾನ್ಸರ್ ಹದಿನಾಲ್ಕರವನಿಗೆ ಬಹಳ ದೂರದ ಸುದ್ದಿ. ಹತ್ತಿರದ್ದನ್ನು ಹೇಳಿ. ಪಾನ್ ಮಸಾಲ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಖಾರ ತಾಗಿದರೆ ಉರಿ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಹೋಗುತ್ತದೆಯೇ ಎಂದು ಮನೆಯಲ್ಲಿ ಕನ್ನಡಿ ಮುಂದೆ ನೋಡಿಕೊಳ್ಳಲು ಹೇಳಿ. ಹೋಗದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ತರಗತಿಯಲ್ಲಿ ಮಾಡಿಸಬೇಡಿ, ಹೋಗದವನು ಎಲ್ಲರೆದುರು ಸಿಕ್ಕಿಬಿದ್ದಂತಾಗುತ್ತದೆ.

ಆರು ಪೀರಿಯಡ್

ವಾರಕ್ಕೊಂದು, 40 ನಿಮಿಷ, ಒಂಬತ್ತನೇ ತರಗತಿಯಲ್ಲಿ ಆರು ವಾರ. ಹತ್ತನೆಯಲ್ಲಿ ನೆನಪಿಗೆ ಇನ್ನೆರಡು. ಮಾನದಂಡಗಳು ಇದಕ್ಕಿಂತ ಹೆಚ್ಚು ಪಾಠಗಳನ್ನು ಬಯಸುತ್ತವೆ, ಆದರೆ ಎಸ್‌ಎಸ್‌ಎಲ್‌ಸಿ ಒತ್ತಡದ ನಡುವೆ ಆರನ್ನು ಸರಿಯಾಗಿ ಮಾಡುವುದು ಹನ್ನೆರಡನ್ನು ಅರ್ಧಕ್ಕೆ ಬಿಡುವುದಕ್ಕಿಂತ ಲೇಸು. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಮಾದಕ ವಸ್ತುಗಳ ತಡೆಯೂ ಒಂದು, ಅದಕ್ಕೆ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು ತರಬೇತಿ ಪಡೆದಿರಬೇಕು. ಮುಖ್ಯಶಿಕ್ಷಕರ ಬಳಿ ಪೀರಿಯಡ್ ಕೇಳುವಾಗ ಇದನ್ನೇ ಮುಂದಿಡಿ.

ಮೊದಲ ಪೀರಿಯಡ್ ಊಹೆಯದು. ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ: ‘ಕರ್ನಾಟಕದಲ್ಲಿ 13ರಿಂದ 15 ವರ್ಷದ ನೂರು ಶಾಲಾ ಮಕ್ಕಳಲ್ಲಿ ಎಷ್ಟು ಮಂದಿ ಈಗ ತಂಬಾಕು ಬಳಸುತ್ತಾರೆ?’ ಈ ವಯಸ್ಸಿನವರ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಎಷ್ಟೋ ಮೇಲಿರುತ್ತದೆ. ಆಮೇಲೆ ನಿಜದ ಅಂಕಿ ಬರೆಯಿರಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ಭಾರತದ ಸರಾಸರಿ 8.5%, ಕರ್ನಾಟಕದ್ದು 1.2%, ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಒಂದು. ‘ಎಲ್ಲಾರೂ ಹಾಕ್ತಾರ’ ಎಂಬುದೇ ಈ ವಯಸ್ಸಿನಲ್ಲಿ ಅತಿ ದೊಡ್ಡ ಒತ್ತಡ, ಅದು ಸುಳ್ಳೆಂದು ತಿಳಿದಾಗ ಬೇಡ ಎನ್ನುವವನು ಒಂಟಿಯಲ್ಲ ಎಂದಾಗುತ್ತದೆ. ‘ನೀವು ಬಳಸುತ್ತೀರಾ’ ಎಂದು ಚೀಟಿಯಲ್ಲೂ ಕೇಳಬೇಡಿ. ಕೈಬರಹ ಗುರುತಾಗುತ್ತದೆ, ಮಕ್ಕಳಿಗೆ ಅದು ಗೊತ್ತು. ಇನ್ನೊಂದು ವಿಷಯ, ‘ಯುವಜನತೆ ನಶೆಯಲ್ಲಿ ಮುಳುಗಿದೆ’ ಎಂದು ವೇದಿಕೆಯಲ್ಲಿ ಹೇಳುವ ಪ್ರತಿ ಭಾಷಣವೂ ಆ ‘ಎಲ್ಲಾರೂ’ ಎಂಬ ನಂಬಿಕೆಯನ್ನೇ ಗಟ್ಟಿ ಮಾಡುತ್ತದೆ.

ಎರಡನೆಯದು ಮದ್ಯದ ಲೆಕ್ಕ. ನೀವು ವಿಜ್ಞಾನದವರು, ನಿಮಗಿದು ಸುಲಭ. ಬೋರ್ಡಿನ ಮೇಲೆ ಮಕ್ಕಳಿಂದಲೇ ಮಾಡಿಸಿ: ಮಿಲಿಲೀಟರ್ × ಶೇಕಡಾವಾರು × 0.79 (ಆಲ್ಕೋಹಾಲಿನ ಸಾಂದ್ರತೆ). 30 ಮಿ.ಲೀ. ವಿಸ್ಕಿ, 42.8%: ಸುಮಾರು 10 ಗ್ರಾಂ. 90 ಮಿ.ಲೀ.ನ ಟೆಟ್ರಾ ಪ್ಯಾಕ್: 30 ಗ್ರಾಂ. 650 ಮಿ.ಲೀ.ನ ಸ್ಟ್ರಾಂಗ್ ಬಿಯರ್, 8%: 41 ಗ್ರಾಂ. ಅಂದರೆ ‘ಬಿಯರ್ ಅಂದ್ರ ಜ್ಯೂಸ್ ಇದ್ದಂಗ’ ಎಂದು ಕೊಡುವ ಆ ಒಂದು ಬಾಟಲಿಯಲ್ಲಿ 30 ಮಿ.ಲೀ.ನ ನಾಲ್ಕು ಪೆಗ್ ವಿಸ್ಕಿಯಷ್ಟು ಆಲ್ಕೋಹಾಲ್ ಇದೆ. ದೊಡ್ಡವರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. 41 ಗ್ರಾಂ ಕರಗಲು ಎಷ್ಟು ಗಂಟೆ ಬೇಕೆಂದು ಅವರೇ ಭಾಗಿಸಲಿ. ಕಾಫಿ, ನಿಂಬೆಹಣ್ಣು, ತಣ್ಣೀರು, ಮಜ್ಜಿಗೆ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಪ್ರತಿಜ್ಞೆಗಿಂತ ಈ ಲೆಕ್ಕ ಹೆಚ್ಚು ಕಾಲ ನೆನಪಿರುತ್ತದೆ.

ಮೂರನೆಯ ಪೀರಿಯಡ್‌ನಲ್ಲಿ ಮಿದುಳು. ಹುಮ್ಮಸ್ಸು ಕೊಡುವ ಭಾಗ ಹದಿಹರೆಯದಲ್ಲೇ ಚುರುಕಾಗಿರುತ್ತದೆ, ತಡೆದು ಯೋಚಿಸುವ ಮುಂಭಾಗ ಬಲಿಯಲು ಇಪ್ಪತ್ತೈದರ ಆಸುಪಾಸು ಬರಬೇಕು. ಬ್ರೇಕ್ ಕೂರಿಸುವ ಮೊದಲೇ ರಸ್ತೆಗಿಳಿಸಿದ ಬೈಕಿನಂತೆ ಎಂದರೆ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಅದಕ್ಕೇ ಅದೇ ನಿಕೋಟಿನ್, ಅದೇ ಮದ್ಯ ನಲವತ್ತರವನಿಗಿಂತ ಹದಿನಾಲ್ಕರವನನ್ನು ಬೇಗ ಹಿಡಿಯುತ್ತದೆ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 15ಕ್ಕೆ ಮುಂಚೆ ಕುಡಿಯಲು ಶುರುಮಾಡಿದವರಲ್ಲಿ ಸುಮಾರು 40% ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಮದ್ಯಕ್ಕೆ ಅವಲಂಬಿತರಾಗಿದ್ದರು. ಇಪ್ಪತ್ತರ ನಂತರ ಶುರುಮಾಡಿದವರಲ್ಲಿ ಅದು ಸುಮಾರು 10%. ಗಾಂಜಾ ಸೇದಿದವರಲ್ಲಿ ಒಟ್ಟಾರೆ ಹತ್ತಕ್ಕೊಬ್ಬರು ಅವಲಂಬಿತರಾದರೆ, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಆರಕ್ಕೊಬ್ಬರು. ಹಾಗಾಗಿ ಮಕ್ಕಳಿಗೆ ಕೊಡಬಹುದಾದ ಅತಿ ನಿಖರವಾದ ಸಂದೇಶ ‘ಈಗ ಬೇಡ’ ಎಂಬುದು. ಒಂದೊಂದು ವರ್ಷ ಮುಂದೂಡಿದಷ್ಟೂ ಅಪಾಯ ಇಳಿಯುತ್ತದೆ. ಚಟ ಹತ್ತಿದವನನ್ನು ಮನೋಬಲವಿಲ್ಲದವ ಎನ್ನಬೇಡಿ. ಮಿದುಳಿನ ಕಾಯಿಲೆ, ಚಿಕಿತ್ಸೆ ಇದೆ ಎಂಬುದನ್ನು ಇದೇ ಪೀರಿಯಡ್‌ನಲ್ಲಿ ಹೇಳಿ.

ನಾಲ್ಕು ಮತ್ತು ಐದು ಪೂರ್ತಿ ಅಭ್ಯಾಸಕ್ಕೆ. ಇಡೀ ಕಾರ್ಯಕ್ರಮದ ಜೀವ ಇಲ್ಲಿದೆ. ಯಾರಿಗಾದರೂ ಎರಡು ಪೀರಿಯಡ್ ಮಾತ್ರ ಸಿಗುವುದಾದರೆ ಉಳಿದದ್ದು ಬಿಟ್ಟು ಇವೆರಡನ್ನು ಮಾಡಿ ಎನ್ನುತ್ತೇನೆ. ‘ಬೇಡ ಅನ್ನಿ’ ಎಂದು ಹೇಳುವುದು ಸುಲಭ. ಆದರೆ ಬೇಡ ಎನ್ನಬೇಕಾದದ್ದು ಅಪರಿಚಿತನಿಗಲ್ಲ, ದಿನಾ ಬಸ್ಸಿನಲ್ಲಿ ಪಕ್ಕ ಕೂರುವ ಗೆಳೆಯನಿಗೆ, ಕೆಲವೊಮ್ಮೆ ಚಿಕ್ಕಪ್ಪನ ಮಗನಿಗೆ, ಗಣೇಶನನ್ನು ಬಿಡುವ ರಾತ್ರಿ ಓಣಿಯ ಅಣ್ಣಂದಿರಿಗೆ. ಗೆಳೆತನ ಉಳಿಸಿಕೊಂಡು ಬೇಡ ಎನ್ನುವುದು ಹೇಗೆ ಎಂಬುದೇ ಕಲಿಯಬೇಕಾದ ಕಸುಬು.

ಐದಾರು ಮಂದಿಯ ಗುಂಪು ಮಾಡಿ. ಇಂಥದ್ದು ಎದುರಾಗುವ ಜಾಗ ಯಾವುದು ಎಂದು ಗುಂಪೇ ಹೇಳಲಿ: ಜಾತ್ರೆ, ಮದುವೆ ಮನೆಯ ಹಿಂದೆ, ಕೆರೆ ಏರಿ, ಮ್ಯಾಚ್ ಮುಗಿದ ಮೇಲೆ ಮೈದಾನ, ಇನ್‌ಸ್ಟಾಗ್ರಾಂ ಗುಂಪು. ಸಂಭಾಷಣೆ ಅವರ ಮಾತಿನಲ್ಲೇ ಇರಲಿ, ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಟ್ಟರೆ ನಾಟಕವಾಗಿ ಹೋಗುತ್ತದೆ.

‘ಏ, ಒಂದ್ ಸಲ ಇಟ್ಕೊಂಡ್ ನೋಡಲೇ, ಏನೂ ಆಗಂಗಿಲ್ಲ.’
‘ಬ್ಯಾಡಪಾ, ನನಗ ಒಗ್ಗಂಗಿಲ್ಲ.’
‘ಇಷ್ಟಕ್ಕ ಅಂಜ್ತಿಯಲ್ಲಲೇ!’
‘ಅಂಜಿಕಿ ಅಲ್ಲ, ಬ್ಯಾಡ ಅಂದ್ರ ಬ್ಯಾಡ. ನಡಿ, ಬಸ್ ಬಂತು.’

ಇದರಲ್ಲಿ ನಾಲ್ಕು ಪಟ್ಟುಗಳಿವೆ, ಮಕ್ಕಳೇ ಗುರುತಿಸಲಿ: ನೇರವಾಗಿ ಬೇಡ ಎನ್ನುವುದು, ಚಿಕ್ಕ ಕಾರಣ ಕೊಡುವುದು, ಅದೇ ಮಾತನ್ನು ಮತ್ತೆ ಹೇಳುವುದು, ಮಾತು ತಿರುಗಿಸಿ ಅಲ್ಲಿಂದ ಹೊರಡುವುದು. ಕಾರಣ ಉದ್ದವಾದರೆ ಸೋತಂತೆ, ಎದುರಿನವನು ಒಂದೊಂದನ್ನೇ ಕಿತ್ತು ಹಾಕುತ್ತಾನೆ. ಧ್ವನಿ, ಕಣ್ಣು, ನಿಲ್ಲುವ ಭಂಗಿ ಮಾತಿನಷ್ಟೇ ಮುಖ್ಯ. ನಕ್ಕೊಂಡು ನೆಲ ನೋಡುತ್ತಾ ‘ಬ್ಯಾಡ’ ಎಂದರೆ ‘ಇನ್ನೊಂದು ಸಲ ಕೇಳು’ ಎಂದಂತೆ ಕೇಳಿಸುತ್ತದೆ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಒತ್ತಾಯಿಸುವವನ ಪಾತ್ರವನ್ನು ತರಗತಿಯ ಕಿಲಾಡಿ ಹುಡುಗನಿಗೆ ಕೊಟ್ಟರೆ ಚಪ್ಪಾಳೆ ಎಲ್ಲ ಅವನಿಗೆ, ಅವನ ಮಾತೇ ತರಗತಿಯ ಬಾಯಲ್ಲಿ ಉಳಿಯುತ್ತದೆ. ಆ ಪಾತ್ರ ನೀವೇ ಮಾಡಿ. ಇಬ್ಬರು ಚೂಟಿ ಮಕ್ಕಳಿಂದ ಮಾಡಿಸಿ ಉಳಿದವರನ್ನು ಪ್ರೇಕ್ಷಕರನ್ನಾಗಿಸಿದರೆ ಪಾಠ ಆಗಿಲ್ಲ. ಪ್ರತಿ ಮಗುವಿನ ಬಾಯಿಂದ ಕನಿಷ್ಠ ಎರಡು ಸಲ ಆ ಮಾತು ಬರಬೇಕು, ಅದಕ್ಕೇ ಎರಡು ಪೀರಿಯಡ್. ಮೂರನೆಯದು, ಹುಡುಗಿಯರಿಗೆ ಇದು ಬೇಡವೆಂದು ಕೂರಿಸುವುದು. ನಶೆ ಬೆರೆಸಿದ ಪಾನೀಯ, ಕುಡಿದವನ ಬೈಕಿನಲ್ಲಿ ಡ್ರಾಪ್, ಇವೆಲ್ಲ ಅವರಿಗೂ ಎದುರಾಗುವ ಸಂಗತಿಗಳು.

ಆರನೆಯದು ಸಹಾಯದ ಪೀರಿಯಡ್. ಗೆಳೆಯ ಕುಡಿದು ಪ್ರಜ್ಞೆ ತಪ್ಪಿದರೆ: ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ, ವಾಂತಿ ಬಂದರೂ ಉಸಿರುಗಟ್ಟುವುದಿಲ್ಲ. ಬಾಯಿಗೆ ಏನನ್ನೂ ಹಾಕಬಾರದು, ಬೆರಳು ಹಾಕಿ ವಾಂತಿ ಮಾಡಿಸಬಾರದು. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ 108. ‘ಮಲಗಿ ಎದ್ರೆ ಸರಿಹೋಗ್ತಾನೆ’ ಎಂದು ಬಿಟ್ಟು ಹೋಗುವುದರಿಂದಲೇ ಜೀವ ಹೋಗುತ್ತದೆ, ಏಕೆಂದರೆ ಹೊಟ್ಟೆಯಲ್ಲಿದ್ದ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಿರುತ್ತದೆ. ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಈ ಭಂಗಿಯನ್ನು ಮಾಡಿಸಿ. ಆಮೇಲೆ ದೂರವಾಣಿ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿ: ವ್ಯಸನಕ್ಕೆ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಳಲಾಟಕ್ಕೆ ಟೆಲಿ ಮನಸ್ 14416 (ಕನ್ನಡದಲ್ಲೇ ಮಾತಾಡಬಹುದು), ಮಕ್ಕಳ ಸಹಾಯವಾಣಿ 1098.

ಆರೂ ವಾರ ತರಗತಿಯಲ್ಲೊಂದು ಪ್ರಶ್ನೆ ಡಬ್ಬಿ ಇರಲಿ. ಪೀರಿಯಡ್ ಕೊನೆಗೆ ಎಲ್ಲರೂ ಚೀಟಿ ಹಾಕಬೇಕು, ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆದು ಹಾಕಬೇಕು. ಆಗ ಬರೆದವರು ಯಾರು ಎಂಬುದು ಕಾಣುವುದಿಲ್ಲ. ಮನೆಯಲ್ಲಿ ಓದಿಕೊಂಡು ಬಂದು ಮುಂದಿನ ವಾರ ಉತ್ತರಿಸಿ. ‘ಗಾಂಜಾ ಗಿಡಮೂಲಿಕೆ ಅಲ್ವಾ?’ ಎಂಬ ಚೀಟಿ ಬರುತ್ತದೆ. ತಂಬಾಕೂ ಗಿಡವೇ, ದತ್ತೂರಿಯೂ ಗಿಡವೇ ಎಂದು ಶುರುಮಾಡಿ. ನೆನಪು, ಗಮನ, ಬೈಕ್ ಓಡಿಸುವಾಗಿನ ಸಮಯಪ್ರಜ್ಞೆ ಕೆಡುವುದನ್ನು ಹೇಳಿ, ಕೆಲವರಲ್ಲಿ ಇಲ್ಲದ ಧ್ವನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆಗೆ ದಾರಿಯಾಗುವುದನ್ನು ಹೇಳಿ. ‘ಔಷಧಿಯಾಗಿಯೂ ಬಳಸ್ತಾರಂತೆ’ ಎಂದರೆ ಹೌದೆನ್ನಿ, ವೈದ್ಯರು ಅಳತೆ ಮಾಡಿ ಕೊಡುವುದಕ್ಕೂ ಕೆರೆ ಏರಿಯ ಮೇಲೆ ಸೇದುವುದಕ್ಕೂ ಇರುವ ಅಂತರ ಅವರಿಗೇ ಅರ್ಥವಾಗುತ್ತದೆ.

ಮನೆಯಲ್ಲೇ ಕುಡಿತ ಇರುವ ಮಕ್ಕಳು

ನಿಮ್ಮ ಮೂರನೆಯ ಪ್ರಶ್ನೆಯೇ ಅತಿ ಮುಖ್ಯವಾದದ್ದು, ಹೆಚ್ಚಿನವರು ಕೇಳುವುದೇ ಇಲ್ಲ. ಬೀದಿ ನಾಟಕದಲ್ಲಿ ಕುಡುಕನ ಪಾತ್ರ ತೂರಾಡಿದರೆ ತರಗತಿ ನಗುತ್ತದೆ, ತಲೆ ತಗ್ಗಿಸಿ ಕೂತ ಮಗು ಯಾರೆಂದು ನಿಮಗೆ ಗೊತ್ತಿರುತ್ತದೆ. ಆ ಮಗುವಿಗೆ ಈ ಪಾಠ ಅವಮಾನವಾಗಬಾರದು. ‘ಕುಡುಕ’ ಎಂಬ ಮಾತನ್ನು ತರಗತಿಯಲ್ಲಿ ಬಳಸಬೇಡಿ, ‘ಕುಡಿತದ ಕಾಯಿಲೆ ಇರುವವರು’ ಎನ್ನಿ. ನಿಮ್ಮ ಮನೆಯಲ್ಲಿ ಯಾರು ಕುಡಿಯುತ್ತಾರೆ ಎಂಬ ಸಮೀಕ್ಷೆಯ ಮನೆಗೆಲಸ ಬೇಡ. ‘ಅಪ್ಪನಿಗೆ ಪತ್ರ ಬರೆದು ಕುಡಿತ ಬಿಡಿಸಿ’ ಎಂಬ ಕಾರ್ಯಕ್ರಮ ಖಂಡಿತ ಬೇಡ. ನೋಡಲು ಚೆಂದ, ಆದರೆ ಆ ರಾತ್ರಿ ಏಟು ಬೀಳುವುದು ಮಗುವಿಗೋ ತಾಯಿಗೋ. ಬಿಡದಿದ್ದರೆ ‘ನನ್ನ ಮೇಲೆ ಪ್ರೀತಿ ಇಲ್ಲ’ ಎಂಬ ನೋವು ಬೇರೆ.

ಇಡೀ ತರಗತಿಗೆ, ಯಾರನ್ನೂ ನೋಡದೆ, ಮೂರು ಮಾತು ಹೇಳಿ. ಮನೆಯಲ್ಲಿ ದೊಡ್ಡವರು ಕುಡಿಯುತ್ತಿದ್ದರೆ ಅದಕ್ಕೆ ನೀವು ಕಾರಣರಲ್ಲ. ಅದನ್ನು ಬಿಡಿಸುವ ಹೊಣೆ ನಿಮ್ಮದಲ್ಲ. ನೀವು ಸುರಕ್ಷಿತವಾಗಿರುವುದು ಮತ್ತು ನಂಬಿದ ಒಬ್ಬ ದೊಡ್ಡವರಿಗೆ ಹೇಳುವುದು ನಿಮ್ಮ ಹಕ್ಕು. ಜೊತೆಗೆ ಪ್ರಾಯೋಗಿಕವಾದದ್ದು: ಜಗಳವಾದ ರಾತ್ರಿ ಹೋಗಬಹುದಾದ ಒಂದು ಮನೆ ಮೊದಲೇ ಗೊತ್ತಿರಲಿ, ಕುಡಿದವರ ಬೈಕ್ ಹತ್ತಬಾರದು, ಹೊಡೆತ ಮಿತಿ ಮೀರಿದರೆ 112. ‘ನಾನೂ ಅಪ್ಪನ ಹಂಗೇ ಆಗ್ತೀನಾ?’ ಎಂಬ ಚೀಟಿ ಬಂದೇ ಬರುತ್ತದೆ. ಸುಳ್ಳು ಸಮಾಧಾನ ಬೇಡ. ಚಟದ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಯ ಪಾಲು ಇದೆ, ಹಾಗಾಗಿ ನಿನಗೆ ಬೇರೆಯವರಿಗಿಂತ ಅಪಾಯ ಹೆಚ್ಚು. ಆದರೆ ಮದ್ಯ ಒಳಗೆ ಹೋಗದೆ ಆ ವಂಶವಾಹಿ ಏನೂ ಮಾಡಲಾರದು. ಕುಡಿಯುವವರ ಮಕ್ಕಳಲ್ಲಿ ಹೆಚ್ಚಿನವರು ಕುಡಿತಕ್ಕೆ ದಾಸರಾಗುವುದಿಲ್ಲ. ಹೀಗೆ ಹೇಳಿ.

‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೋ ಕಾಯ್ದೆಯಡಿ ವರದಿ ಮಾಡುವುದು ನಿಮಗೆ ಕಡ್ಡಾಯ. ‘ನಿನ್ನ ಜೀವಕ್ಕೆ ಅಪಾಯವಿದ್ದರೆ ಮಾತ್ರ, ನಿನಗೆ ತಿಳಿಸಿಯೇ, ಬೇಕಾದವರಿಗೆ ಹೇಳುತ್ತೇನೆ’ ಎನ್ನಿ.

ಸಿಕ್ಕಿಬಿದ್ದ ಹುಡುಗ

ಟಿ.ಸಿ. ಬೇಡ. ಶಾಲೆಯ ನಂಟು ಮಗುವನ್ನು ಚಟದಿಂದ ಕಾಯುವ ದೊಡ್ಡ ಬೇಲಿ, ಅದನ್ನೇ ಕಿತ್ತರೆ ಅವನು ಇಡೀ ದಿನ ಪ್ಯಾಕೆಟ್ ಕೊಟ್ಟವರ ಜೊತೆಯೇ ಇರುತ್ತಾನೆ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗುವುದು, ಎಲ್ಲರ ಬ್ಯಾಗ್ ಜಾಲಾಡುವುದೂ ಬೇಡ. ಉಳಿದ ಬಳಕೆದಾರರು ಇನ್ನಷ್ಟು ಆಳಕ್ಕೆ ಬಚ್ಚಿಟ್ಟುಕೊಳ್ಳುತ್ತಾರೆ, ಅಷ್ಟೇ.

ಒಬ್ಬನೇ ಇದ್ದಾಗ, ನಶೆಯಲ್ಲಿಲ್ಲದಾಗ, ಹದಿನೈದು ನಿಮಿಷ ಕೂರಿಸಿ ಮಾತಾಡಿ. ‘ಯಾಕೆ ಮಾಡಿದೆ?’ ಎಂದರೆ ಸುಳ್ಳು ಬರುತ್ತದೆ. ‘ಯಾವಾಗ ಶುರುವಾಯ್ತು, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕನ್ನಿಸುತ್ತಾ, ಬಿಡೋಕೆ ನೋಡಿದ್ದೀಯಾ?’ ಎಂದು ಕೇಳಿ. ತಂಬಾಕಲ್ಲದೆ ಬೇರೆಯದೂ ಇದೆ ಎನ್ನಿಸಿದರೆ, ವೈದ್ಯರು ಹದಿಹರೆಯದವರಿಗೆ ಬಳಸುವ ‘ಕ್ರಾಫ್ಟ್’ ಎಂಬ ಆರು ಪ್ರಶ್ನೆಗಳಿವೆ: ನಶೆಯಲ್ಲಿದ್ದವರ ಗಾಡಿಯಲ್ಲಿ ಕೂತಿದ್ದೀಯಾ (ನೀನೇ ಓಡಿಸಿದ್ದೂ ಸೇರಿ), ಮನಸ್ಸು ಹಗುರವಾಗಲು ಇಲ್ಲವೇ ಗೆಳೆಯರ ನಡುವೆ ಹೊಂದಿಕೊಳ್ಳಲು ಬಳಸುತ್ತೀಯಾ, ಒಬ್ಬನೇ ಇದ್ದಾಗ ಬಳಸುತ್ತೀಯಾ, ಬಳಸಿದಾಗ ಮಾಡಿದ್ದು ಮರೆತುಹೋಗಿದೆಯಾ, ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳಿದ್ದಾರಾ, ಅದರಿಂದ ಫಜೀತಿಗೆ ಸಿಕ್ಕಿದ್ದೀಯಾ. ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ತಜ್ಞರ ಬಳಿ ಕಳಿಸಬೇಕು. ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿಯೇ ಇರುವ ‘ಸ್ನೇಹ ಕ್ಲಿನಿಕ್’ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ತಂಡ. ಅಲ್ಲಿಂದ ಮೇಲೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ಬರೀ ತಂಬಾಕಾದರೆ ಬಿಡುವ ದಿನ ಅವನೇ ಆರಿಸಲಿ, ಒಂದು ವಾರದೊಳಗೆ. ಮೊದಲ ಎರಡು ಮೂರು ದಿನ ಸಿಡಿಮಿಡಿ, ತಲೆನೋವು, ಪಾಠದಲ್ಲಿ ಗಮನವಿಲ್ಲದಿರುವುದು ಜೋರಾಗಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಇದನ್ನು ಉಳಿದ ಶಿಕ್ಷಕರಿಗೂ ಗುಟ್ಟಾಗಿ ತಿಳಿಸಿ, ಅದೇ ವಾರ ಅವನಿಗೆ ಪೆಟ್ಟು ಬೀಳದಿರಲಿ. ಬೇಕೆನ್ನಿಸುವ ಸೆಳೆತ ಬರುವುದು ಕೆಲವೇ ನಿಮಿಷ. ಹತ್ತು ನಿಮಿಷ ತಳ್ಳುವುದು, ನೀರು ಕುಡಿಯುವುದು, ಜಾಗ ಬದಲಿಸುವುದು, ಉಸಿರು ಎಳೆದು ಬಿಡುವುದು. ಮಧ್ಯೆ ಒಮ್ಮೆ ಜಾರಿದರೆ ಸೋಲೆನ್ನಬೇಡಿ, ಯಾವ ಹೊತ್ತು, ಯಾರ ಜೊತೆ ಎಂದು ಕೇಳಿ ಆ ಒಂದು ಜಾಗವನ್ನು ಸರಿಪಡಿಸಿ. ಆರು ತಿಂಗಳು, ವಾರಕ್ಕೊಮ್ಮೆ ಐದು ನಿಮಿಷ ಸಾಕು.

ತಂದೆತಾಯಿಗೆ ತಿಳಿಸಬೇಕು, ಆದರೆ ಹುಡುಗನಿಗೆ ಹೇಳಿ, ಅವನ ಎದುರೇ. ‘ನಿಮ್ಮ ಮಗ ಹೀಗೆ ಮಾಡಿದ’ ಎನ್ನುವ ಬದಲು ‘ಬಿಡಬೇಕು ಅಂತ ಇದ್ದಾನೆ, ನಿಮ್ಮ ಸಹಾಯ ಬೇಕು’ ಎಂದು ಶುರುಮಾಡಿ. ಗಾಬರಿಗೊಂಡ ಮನೆಯವರು ದೊಡ್ಡವರ ಮದ್ಯವರ್ಜನ ಶಿಬಿರಕ್ಕೋ ಬೋರ್ಡು ಹಾಕಿಕೊಂಡ ಯಾವುದೋ ಕೇಂದ್ರಕ್ಕೋ ಸೇರಿಸಲು ಹೊರಡುತ್ತಾರೆ, ತಡೆಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಪ್ರಾಪ್ತರನ್ನು ದೊಡ್ಡವರಿಂದ ಬೇರೆಯಾಗಿಯೇ ಇರಿಸಬೇಕು, ಮನೆಯವರೋ ಅವರು ನೇಮಿಸಿದವರೋ ದಾಖಲಾದಷ್ಟೂ ದಿನ ಜೊತೆಗಿರಬೇಕು, ಸರಪಳಿ ಹಾಕುವುದು ಪೂರ್ತಿ ನಿಷೇಧ. ‘ಮೂರು ತಿಂಗಳು ಯಾರೂ ನೋಡುವಂತಿಲ್ಲ’ ಎನ್ನುವ ಕೇಂದ್ರದ ಮೆಟ್ಟಿಲು ಹತ್ತಬಾರದು.

ಪೋಷಕರ ಸಭೆಯಲ್ಲಿ ಕೇಳಬೇಕಾದದ್ದು ಚಿಕ್ಕದು, ಆದರೆ ಗಟ್ಟಿಯಾಗಿ ಕೇಳಿ: ಮಗನ ಕೈಲಿ ಬೀಡಿ, ಬಾಟಲಿ ತರಿಸಬೇಡಿ, ಮಾತ್ರೆಗಳಿಗೆ ಬೀಗವಿರಲಿ, ಹಬ್ಬಕ್ಕೆ ‘ಒಂದು ಗುಟುಕು ನಮ್ಮ ಮುಂದೆಯೇ ಕುಡಿಯಲಿ’ ಎನ್ನಬೇಡಿ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಹನ್ನೆರಡರಿಂದ ಹದಿನೆಂಟರವರೆಗೆ ಗಮನಿಸಿದಾಗ, ಮನೆಯಲ್ಲೇ ರುಚಿ ತೋರಿಸಿದ್ದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ, ಅಂಥ ಮಕ್ಕಳಲ್ಲೇ ಅಪಾಯ ಹೆಚ್ಚಿತ್ತು.

ಕೊನೆಯದಾಗಿ ಆ ಪ್ಯಾಕೆಟ್ ಮಾರಿದವನು. ಹುಡುಗನನ್ನು ಅಪರಾಧಿಯಂತೆ ಕಾಣುವ ಊರು ಅಂಗಡಿಯವನನ್ನು ಕೇಳುವುದೇ ಇಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷಿದ್ಧ, ಅದಕ್ಕೇ ಪಾನ್ ಮಸಾಲ ಮತ್ತು ತಂಬಾಕನ್ನು ಎರಡು ಪೊಟ್ಟಣ ಮಾಡಿ ಮಾರುತ್ತಾರೆ. ಶಿಕ್ಷಣ ಸಂಸ್ಥೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ, ರಾಜ್ಯದ 2025ರ ತಿದ್ದುಪಡಿಯ ನಂತರ 21 ತುಂಬದವರಿಗೆ ಎಲ್ಲಿಯೂ ಮಾರುವಂತಿಲ್ಲ. ಮಗುವಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಅಂಗಡಿಯ ವಿಷಯ ದಾಖಲಿಸಿ, ಅದರ ಪ್ರತಿ ಹಚ್ಚಿ ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ಶಾಲೆಯ ಹೆಸರಿನಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ಆ ಹುಡುಗನ ಹೆಸರು ಬರಬಾರದು.